ಚೌಕಟ್ಟಿನ ಹೊರಗಿನ ಹಗ್ಗ

ಮೂಡುಬೆಳ್ಳೆ
12 ಜನವರಿ 2025

ಪ್ರೀತಿಯ ಬೋನಿ ಬಾಪ್ಪು,

ವಾಟ್ಸ್ಯಾಪಿನಲ್ಲಿ ದಿನಾ ತಲೆ ತಿನ್ನುವ ಹುಡುಗಿ ಕಾಗದ ಬರೆದಳಲ್ಲ ಎಂದು ನಗಬೇಡಿ. ಕಾರಣ ಉಂಟು.

ಎಂ.ಎ. ಕೊನೆಯ ವರ್ಷಕ್ಕೆ ಒಂದು ಪ್ರಬಂಧ ಬರೆಯಬೇಕು. ಎಲ್ಲರೂ ಪಂಚಾಯತು, ಮೀನುಗಾರರ ಸಂಘ ಎಂದು ವಿಷಯ ಹಿಡಿದರು. ನಾನು ಚೀನಾದ ಉತ್ತರ ಸಮುದ್ರ ನೌಕಾಪಡೆ ಎಂದೆ. ಇಡೀ ಕ್ಲಾಸು ತಿರುಗಿ ನೋಡಿತು. ನನ್ನ ಗೈಡ್ ಪೂವಪ್ಪ ಸರ್, "ಅದಕ್ಕೆ ಆಧಾರ ಎಲ್ಲಿಂದ ತರ್ತೀ ಮಾರಾಯ್ತಿ, ಇಂಟರ್ನೆಟ್ಟಿಂದ ಕದಿಯುದಾ?" ಎಂದರು. "ಇಲ್ಲ ಸರ್, ನನ್ನ ಪಪ್ಪನ ಅಣ್ಣ ಒಮಾನಿನಲ್ಲಿ ಆ ಹಡಗುಗಳಿಗೇ ಸಾಮಾನು ಒದಗಿಸುವವರು. ಹಡಗು ಹತ್ತಿ ಇಳಿದವರು" ಎಂದೆ. ಸರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

ಈಗ ನೀವು ಬರೆದುಕೊಡಬೇಕು. ಆ ಪಡೆ ಹೇಗೆ ಕಟ್ಟಿದ್ದು, ಅದರ ಕೆಲಸ ಏನು, ಮತ್ತು ಮುಖ್ಯವಾಗಿ ಇದು: ಉತ್ತರದ ಹಡಗೊಂದು ಅಷ್ಟು ದೂರ ಒಮಾನಿನವರೆಗೆ ಬಂದಾಗ ಅದಕ್ಕೆ ಆಜ್ಞೆ ಕೊಡುವವರು ಯಾರು? ಕೈಬರಹ, ತಾರೀಕು, ಸಹಿ, ಹುದ್ದೆ ಇರಬೇಕಂತೆ. ವಾಟ್ಸ್ಯಾಪ್ ನಡೆಯುವುದಿಲ್ಲ. ಕೊಂಕಣಿಯಲ್ಲಿ ಬರೆಯಬೇಡಿ, ಸರ್‌ಗೆ ಬರುವುದಿಲ್ಲ.

ಚಾವಡಿಯ ಗೋಡೆಯ ಮೇಲಿನ ನಿಮ್ಮ ಪಟದ ಕೆಳಗೇ ಕುಳಿತು ಬರೆಯುತ್ತಿದ್ದೇನೆ. ಬಿಳಿ ಸಮವಸ್ತ್ರದ ಚೀನೀ ಅಧಿಕಾರಿಯ ಕೈ ಕುಲುಕುತ್ತಿದ್ದೀರಿ, ಹಿಂದೆ ಬೂದು ಹಡಗು. ಚಿಕ್ಕಂದಿನಲ್ಲಿ ಗೆಳತಿಯರನ್ನು ಕರೆತಂದು ತೋರಿಸುತ್ತಿದ್ದೆ. ಆ ಪಟ ನನಗೆ ಡಿಗ್ರಿ ಕೊಡಿಸುತ್ತದೆ ಎಂದು ಯಾರಿಗೆ ಗೊತ್ತಿತ್ತು!

ನಿಮ್ಮ
ಲಿಯೋನಾ

*

ದಾರ್ಸೈಟ್, ಮಸ್ಕತ್
30 ಜನವರಿ 2025

ನನ್ನ ಬಾಯೆ,

ನಿನ್ನ ಕಾಗದವನ್ನು ರಜೆ ಮುಗಿಸಿ ಊರಿನಿಂದ ಬಂದ ಜೋಸ್ಟನ್ ರೂವಿ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಕೈಗೆ ಕೊಟ್ಟ. ಅಲ್ಲೇ ಕಾರಿಗೊರಗಿ ನಿಂತು ಎರಡು ಸಲ ಓದಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಅಕ್ಷರ ಎಂ.ಎ. ಪುಸ್ತಕದಲ್ಲಿ ಕೂರುವುದೆಂದರೆ ಸಣ್ಣ ಮಾತಾ? ನನಗೆ ಮಕ್ಕಳಿಲ್ಲ. ಇದ್ದಿದ್ದರೂ ನಿನ್ನಷ್ಟು ಓದುತ್ತಿದ್ದರೋ ಇಲ್ಲವೋ.

ಇಲ್ಲಿ ಹದಿನಾರು ವರ್ಷದಿಂದ ನಾನು ಕೈಗೆ ಸಿಕ್ಕ ಪತ್ರಿಕೆಯನ್ನು ಓದದೆ ಎಸೆದವನಲ್ಲ. ಅದರಿಂದ ಗೊತ್ತಾದದ್ದು ಹೇಳುತ್ತೇನೆ.

ಚೀನಾದವರ ಕಡಲ ದಂಡೆ ಉದ್ದ. ಅದನ್ನು ಮೂರು ಪಾಲು ಮಾಡಿದ್ದಾರೆ. ನಮ್ಮ ಇಗರ್ಜಿಯಲ್ಲಿ ಮನೆಗಳನ್ನು ಪಾಲು ಮಾಡಿದ ವಾಡೆಗಳಿಲ್ಲವಾ, ವಾಡೆಯ ಮುಖಂಡ ಎಂದು ಒಬ್ಬೊಬ್ಬ ಗುರ್ಕಾರ್ ಇಲ್ಲವಾ, ಹಾಗೆಂದುಕೋ. ದಕ್ಷಿಣದ ವಾಡೆಗೆ ಝಾನ್‌ಜಿಯಾಂಗ್ ಎಂಬ ಬಂದರು. ಪೂರ್ವಕ್ಕೆ ನಿಂಗ್‌ಬೋ, ತೈವಾನಿನ ಮೇಲೆ ಕಣ್ಣಿಟ್ಟು ಕೂತದ್ದು ಅದು. ನಿನ್ನ ಉತ್ತರದ ವಾಡೆಗೆ ಚಿಂಗ್‌ಡಾವ್. ಹಳದಿ ಸಮುದ್ರ, ಬೋಹಾಯ್ ಸಮುದ್ರ ಅದರ ಕಾವಲು. ಬೀಜಿಂಗಿಗೆ ಕಡಲಿನಿಂದ ಹೋಗುವ ಬಾಗಿಲು ಅದೇ ಆದ್ದರಿಂದ ಉತ್ತರದವರಿಗೆ ಗತ್ತು ಸ್ವಲ್ಪ ಹೆಚ್ಚು. ವಿಮಾನ ಹೊರುವ ದೊಡ್ಡ ಹಡಗು, ನೀರಡಿಯ ಹಡಗು ಎಲ್ಲ ಅಲ್ಲಿ ಉಂಟು. ಹಡಗು ಸಾಕುವುದು, ಹುಡುಗರನ್ನು ಪಳಗಿಸುವುದು ನೌಕಾಪಡೆಯ ಕೆಲಸ. ಯುದ್ಧ ಬಂದರೆ ಭೂಸೇನೆ, ವಾಯುಸೇನೆ, ನೌಕೆ ಮೂರನ್ನೂ ಒಟ್ಟಿಗೆ ನಡೆಸುವ ಒಂದು ವಲಯ ಕಚೇರಿ ಬೇರೆ.

ಇನ್ನೊಂದು ತಮಾಷೆ. ಅವರ ಹಡಗಿಗೆ ಯಜಮಾನರು ಇಬ್ಬರು. ಒಬ್ಬ ಕ್ಯಾಪ್ಟನ್, ಇನ್ನೊಬ್ಬ ಪಕ್ಷದ ಕಡೆಯಿಂದ ಬಂದ ರಾಜಕೀಯ ಅಧಿಕಾರಿ. ಇಬ್ಬರೂ ಸಮ. ನಮ್ಮ ಇಗರ್ಜಿಯ ವಿಗಾರ ಪಾದ್ರಿಗಳೂ ಪಾಲನಾ ಮಂಡಳಿಯ ಉಪಾಧ್ಯಕ್ಷರೂ ಇದ್ದಂತೆ. ಅಲ್ಲಿ ನಮ್ಮಲ್ಲಿಯ ಹಾಗೆ ಹಬ್ಬದ ಬ್ಯಾಂಡಿನವರ ವಿಷಯಕ್ಕೆ ಜಗಳ ಆಗುತ್ತದೋ ಇಲ್ಲವೋ ನನಗೆ ತಿಳಿಯದು.

ಕಡಲ್ಗಳ್ಳರಿಂದ ವ್ಯಾಪಾರದ ಹಡಗುಗಳನ್ನು ಕಾಯಲು ಏಡನ್ ಕೊಲ್ಲಿಗೆ ಮೂರು ಪಡೆಯವರೂ ಸರದಿಯ ಮೇಲೆ ಬರುತ್ತಾರೆ. ಸಾಮಾನ್ಯವಾಗಿ ಎರಡು ಯುದ್ಧದ ಹಡಗು, ಒಂದು ಸಾಮಾನಿನ ಹಡಗು. ನೀರು, ತರಕಾರಿ ಮುಗಿದಾಗ ನಮ್ಮ ಸಲಾಲಾ ಬಂದರಿಗೆ ಬರುವುದುಂಟು. ಇಂಡೆಂಟ್, ಅಂದರೆ ಅವರು ಕಳಿಸುವ ಸಾಮಾನಿನ ಪಟ್ಟಿ, ಅದನ್ನು ನೋಡಿಯೇ ಹಡಗು ಯಾವ ವಾಡೆಯದೆಂದು ನಾನು ಹೇಳಬಲ್ಲೆ. ಆದರೆ ಅದು ಅಡಿಗೆಮನೆಯ ಮಾತು, ನಿನಗೆ ಬೇಡ.

ಒಮ್ಮೆ ಉತ್ತರದ ಹಡಗಿನ ಮೇಲೆ ಒಬ್ಬ ಅಧಿಕಾರಿ ನನ್ನನ್ನು ಕೂರಿಸಿ ಚಹಾ ಕೊಟ್ಟ. ಮುಚ್ಚಳ ಇರುವ ಲೋಟ. ಹಾಲಿಲ್ಲ, ಸಕ್ಕರೆಯಿಲ್ಲ, ಎಲೆ ಮೇಲೆ ತೇಲುತ್ತಿತ್ತು. ಎಷ್ಟೋ ಮಾತಾಡಿದೆವು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಬೊನಿಫಾಸ್ ಮತಾಯಸ್
ನೇವಲ್ ಸಪ್ಲೈ ಸೂಪರ್‌ವೈಸರ್

*

ಮೂಡುಬೆಳ್ಳೆ
24 ಫೆಬ್ರವರಿ 2025

ಬಾಪ್ಪು, ನೀವು ರಾಜ!

ಗುರ್ಕಾರ್ ಹೋಲಿಕೆಯನ್ನು ಪೂವಪ್ಪ ಸರ್ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದರಂತೆ. "ಈ ಮನುಷ್ಯ ಮೇಷ್ಟ್ರಾಗಬೇಕಿತ್ತು" ಎಂದರು. ನನಗೆ ಎರಡು ಇಂಚು ಉದ್ದ ಆದ ಹಾಗಾಯಿತು.

ಆದರೆ ಸರ್ ಹಿಡಿದುಕೊಂಡದ್ದು ಕೊನೆಯ ಚಹಾವನ್ನು. "ಪುಸ್ತಕದಲ್ಲಿರುವುದು ಯಾರೂ ಬರೀತಾರೆ. ಆ ಅಧಿಕಾರಿ ಏನಂದ? ಅದು ನಿನ್ನ ಪ್ರಬಂಧದ ಬೆನ್ನೆಲುಬು" ಎಂದರು. ಮಾರ್ಚ್ 28ಕ್ಕೆ ಮಂಗಳೂರಿನಲ್ಲಿ ಸೆಮಿನಾರ್ ಉಂಟು, ಹೊರಗಿನ ಪ್ರೊಫೆಸರುಗಳೂ ಬರುತ್ತಾರೆ. ಆ ಭಾಗವನ್ನೇ ಓದಬೇಕಂತೆ. ಚೆನ್ನಾಗಿ ಆದರೆ ಪಿಎಚ್.ಡಿ.ಗೆ ಸರ್ ಶಿಫಾರಸು ಮಾಡುತ್ತಾರೆ.

ಆದ್ದರಿಂದ ಅವನು ಹೇಳಿದ್ದನ್ನು ಆದಷ್ಟು ಅವನದೇ ಮಾತಿನಲ್ಲಿ ಬರೆಯಿರಿ. ಪಟದ ಒಳ್ಳೆಯ ಪ್ರತಿಯೂ ಬೇಕು. ಇಲ್ಲಿಯದು ಮಳೆಗಾಲದ ತೇವಕ್ಕೆ ಮಂಕಾಗಿದೆ, ಚೌಕಟ್ಟಿಗೆ ಕೂರಿಸಲು ಸುತ್ತ ಕತ್ತರಿಸಿಯೂ ಆಗಿದೆ. ನಿಮ್ಮ ಹತ್ತಿರ ಮೂಲ ಪ್ರತಿ ಇರಬೇಕಲ್ಲ?

ಲಿಯೋನಾ

*

ದಾರ್ಸೈಟ್
9 ಮಾರ್ಚ್ 2025

ನನ್ನ ಬಾಯೆ,

ಇಲ್ಲಿಯ ಇಗರ್ಜಿಗೆ ಬರುವ ನಮ್ಮ ಊರಿನ ಪ್ರಿನ್ಸಿ ರಜೆಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಕಾಗದ, ಮೂಲ ಫೋಟೋ, ಒಂದು ಡಬ್ಬ ಖರ್ಜೂರ. ಖರ್ಜೂರ ನಿನ್ನ ಸರ್‌ಗೂ ಕೊಡು. ಫೋಟೋ ಜೋಪಾನ. ಹದಿನಾಲ್ಕು ವರ್ಷದಿಂದ ನನ್ನ ಬೈಬಲಿನ ಒಳಗೆ ಇದ್ದದ್ದು.

ಚಹಾ ಕೊಟ್ಟವನು ಹಡಗಿನ ರಾಜಕೀಯ ಅಧಿಕಾರಿ. ಹೆಸರು ಲೀ ಎಂದೇನೋ. ವಯಸ್ಸು ನಲವತ್ತು ಇರಬಹುದು, ಬೆರಳುಗಳು ಪಿಟೀಲು ನುಡಿಸುವವನ ಹಾಗೆ ಉದ್ದ. ನಡುವೆ ಕೂತ ಒಬ್ಬಳು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ನಾನು ಕೇಳಿದೆ: "ಇಷ್ಟು ದೂರ ಬಂದಿದ್ದೀರಲ್ಲ, ನಿಮಗೆ ಈಗ ಆಜ್ಞೆ ಎಲ್ಲಿಂದ?" ಅವನು ಲೋಟದ ಮುಚ್ಚಳವನ್ನು ನಿಧಾನವಾಗಿ ಮುಚ್ಚಿ ಹೇಳಿದ: "ಮಲಾಕ್ಕಾ ದಾಟಿದ ಮೇಲೆ ಚಿಂಗ್‌ಡಾವ್ ನಮಗೆ ತವರು ಮಾತ್ರ. ಮಾತು ಕೇಳುವುದು ಬೀಜಿಂಗಿನದ್ದು." ಆಮೇಲೆ ಕಿಟಕಿಯ ಹೊರಗೆ ನೋಡಿದ. ತವರು ಎಂದಾಗ ಅವನ ಸ್ವರ ಸಣ್ಣದಾಯಿತು, ಬಾಯೆ. ಗಲ್ಫಿನಲ್ಲಿ ಇರುವವನಿಗೆ ಅದು ಅರ್ಥವಾಗುತ್ತದೆ.

ಫೋಟೋ ಆ ಚಹಾದ ನಂತರವೇ ತೆಗೆದದ್ದು. ತಾರೀಕನ್ನು ಸ್ಟುಡಿಯೋದವರು ಹಿಂದೆ ಹೊಡೆದಿದ್ದಾರೆ.

ಸೆಮಿನಾರಿನ ದಿನ ಹೊಸ ಚೂಡಿದಾರ್ ಹಾಕು. ಧೈರ್ಯವಾಗಿ ಓದು. ನಿನ್ನ ಹಿಂದೆ ನಾನಿದ್ದೇನೆ.

ಬೊನಿಫಾಸ್ ಮತಾಯಸ್
ನೇವಲ್ ಸಪ್ಲೈ ಸೂಪರ್‌ವೈಸರ್

*

ದಾರ್ಸೈಟ್
21 ಏಪ್ರಿಲ್ 2025

ನನ್ನ ಬಾಯೆ,

ಪಾಸ್ಖಾ ಹಬ್ಬದ ಶುಭಾಶಯ. ನಿನ್ನಿಂದ ಒಂದು ಸಾಲೂ ಇಲ್ಲ. ವಾಟ್ಸ್ಯಾಪಿನಲ್ಲಿ ಈಸ್ಟರ್ ಮೊಟ್ಟೆಯ ಚಿತ್ರ ಕಳಿಸಿದ್ದಿ, ಅಷ್ಟೇ. ಸಂತೋಷದ ಸುದ್ದಿಯನ್ನು ನಿನ್ನ ಪಪ್ಪ ಡೆಸ್ಮಂಡ್‌ನ ಬಾಯಿಂದ ಕೇಳಬೇಕಾಯಿತಾ? ಮೊದಲ ಬಹುಮಾನವಂತೆ, ಚಪ್ಪಾಳೆ ನಿಲ್ಲಲೇ ಇಲ್ಲವಂತೆ! ಪತ್ರಿಕೆಯಲ್ಲಿ ಬಂದ ತುಂಡನ್ನೂ ಕಳಿಸಿದ. "ಚೀನೀ ನೌಕಾಧಿಕಾರಿಯೊಡನೆ ಚಹಾ: ಕರಾವಳಿಯ ವಿದ್ಯಾರ್ಥಿನಿಯ ಅಪರೂಪದ ಆಧಾರ" ಎಂದು ತಲೆಬರಹ. ಅದರಲ್ಲಿ ನನ್ನ ಹೆಸರು!

ಅದನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಇಗರ್ಜಿಯಲ್ಲಿ ಎಲ್ಲರಿಗೂ ತೋರಿಸಿದೆ. ಕಂಪನಿಯ ನೋಟಿಸ್ ಬೋರ್ಡಿಗೂ ಹಚ್ಚಿದೆ. ಕನ್ನಡ ಓದಲು ಬರುವವರು ಈಗ ಅಲ್ಲಿ ಯಾರೂ ಇಲ್ಲ, ಆದರೂ ಫೋಟೋ ನೋಡುತ್ತಾರೆ. ಬಂಗಾಳಿಗಳು "ಬೋನಿ ಭಾಯ್ ಹೀರೋ ಬನ್ ಗಯಾ" ಎಂದು ತಮಾಷೆ ಮಾಡುತ್ತಿದ್ದಾರೆ.

ನಿನ್ನ ಮೌನಕ್ಕೆ ಬೇರೆ ಕಾರಣ ಏನಾದರೂ ಉಂಟಾ? ನಮ್ಮ ತಂಗಿ ಗ್ರೆಟ್ಟಾ ಫೋನಿನಲ್ಲಿ ಯಾವುದೋ ಸಂಬಂಧದ ಮಾತು ಎತ್ತಿದ್ದಳು, ಹುಡುಗ ಇಲ್ಲೇ ಹತ್ತಿರದ ಬೌಷರಿನಲ್ಲಿ ಆಫೀಸಿನಲ್ಲಿದ್ದಾನಂತೆ. ನಾಚಿಕೆಯಾ? ಹಾಗಾದರೆ ಬಾಪ್ಪುವಿನ ಹತ್ತಿರ ಎಂಥ ನಾಚಿಕೆ? ಬೇಕಾದರೆ ನಾನೇ ಹೋಗಿ ಹುಡುಗನನ್ನು ನೋಡಿ ಬರುತ್ತೇನೆ.

ಪ್ರಬಂಧಕ್ಕೆ ಇನ್ನೂ ಬೇಕಿದ್ದರೆ ಹೇಳು. ಲೀ ಹೇಳಿದ ಇನ್ನೆರಡು ಮಾತು ಈಗ ನೆನಪಾಗುತ್ತಿದೆ.

ಬೊನಿಫಾಸ್ ಮತಾಯಸ್
ನೇವಲ್ ಸಪ್ಲೈ ಸೂಪರ್‌ವೈಸರ್

*

ಮೂಡುಬೆಳ್ಳೆ
18 ಮೇ 2025

ಬಾಪ್ಪು,

ಸಂಬಂಧದ ಮಾತು ಇಲ್ಲ. ಹುಡುಗನನ್ನು ನೋಡಲು ಹೋಗಬೇಡಿ.

ಎರಡೇ ಪ್ರಶ್ನೆ. ನೀವು ಕಳಿಸಿದ ಮೂಲ ಫೋಟೋದಲ್ಲಿ ಹಡಗಿನ ಮೈಮೇಲೆ ಮೂರು ಅಂಕಿಯ ಸಂಖ್ಯೆ ಕಾಣುತ್ತದೆ. ನಮ್ಮ ಮನೆಯ ಪಟದಲ್ಲಿ ಅದು ಕತ್ತರಿಸಿ ಹೋಗಿದೆ. ಆ ಹಡಗು ಯಾವ ಪಡೆಯದು?

ಇನ್ನೊಂದು. ನಿಮ್ಮ ಎಡಗಡೆ ಒಂದು ಹಗ್ಗ ಕಟ್ಟಿದೆ. ಹಗ್ಗದ ಆಚೆ ಒಬ್ಬಳು ಹೆಂಗಸು, ಅವಳ ಸೊಂಟದ ಮೇಲೆ ಮಗು, ಮಗುವಿನ ಕೈಯಲ್ಲಿ ಕಾಗದದ ಬಾವುಟ. ಅವರು ಯಾರು?

ಲಿಯೋನಾ

*

ದಾರ್ಸೈಟ್
3 ಜೂನ್ 2025

ಲಿಯೋನಾ,

ಅಷ್ಟು ಹಿಂದಿನ ಹಡಗಿನ ಸಂಖ್ಯೆ ಯಾರಿಗೆ ನೆನಪಿರುತ್ತದೆ? ನಾನು ದಿನಕ್ಕೆ ಎಷ್ಟು ಸಂಖ್ಯೆ ನೋಡುತ್ತೇನೆ ಗೊತ್ತಾ? ಒಂದು ಪಡೆಯ ಹಡಗು ಇನ್ನೊಂದರ ಜೊತೆ ಬರುವುದೂ ಉಂಟು. ಬಣ್ಣ ಹೊಡೆದು ಸಂಖ್ಯೆ ಬದಲಿಸುವುದೂ ಉಂಟು ಎಂದು ಎಲ್ಲೋ ಓದಿದ್ದೇನೆ. ಬಂದರು ಎಂದ ಮೇಲೆ ಹಗ್ಗ ಇರುತ್ತದೆ. ಹೆಂಗಸರು ಮಕ್ಕಳು ಎಲ್ಲಿಲ್ಲ?

ಓದಿದವರದ್ದು ಇದೇ. ಉಂಡ ಮೇಲೆ ಅಕ್ಕಿಯಲ್ಲಿ ಕಲ್ಲು ಹುಡುಕುವುದು. ನಿನ್ನ ಪಪ್ಪನ ಹತ್ತಿರ ಹೀಗೆ ಪ್ರಶ್ನೆ ಕೇಳುತ್ತೀಯಾ? ಬಹುಮಾನ ಬಂತು, ಹೆಸರು ಬಂತು, ಖಲಾಸ್. ಅದನ್ನು ಅಲ್ಲಿಗೆ ಬಿಡು.

ಬಿಸಿಲು ಜೋರಿದೆ. ನನಗೆ ಇಲ್ಲಿ ಬಿಡುವಿಲ್ಲ.

ನಿನ್ನ ದೊಡ್ಡ ಬಾಪ್ಪು

*

ದಾರ್ಸೈಟ್
6 ಜುಲೈ 2025

ನನ್ನ ಬಾಯೆ,

ಹಾಗೆ ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ. ಹೋದ ತಿಂಗಳಿನ ಕಾಗದವನ್ನು ಹರಿದು ಬಿಸಾಡು. ಇದನ್ನು ಕೂತು ಓದು.

ಆ ಚಹಾ ಕುಡಿದವನು ನಾನಲ್ಲ. ಹಕೀಂ.

ಹಕೀಂ ಉಳ್ಳಾಲದ ಬ್ಯಾರಿ ಹುಡುಗ. ಹುಡುಗ ಎಂದರೂ ಐವತ್ತು ದಾಟಿತು. ನಮ್ಮ ಕಂಪನಿಯ ಲಾರಿ ಓಡಿಸುತ್ತಾನೆ. ಮಸ್ಕತ್ತಿನ ಶೀತಗೃಹದಲ್ಲಿ ನಾವು ತರಕಾರಿ ಕಟ್ಟಿ ಲಾರಿಗೆ ತುಂಬುವುದು. ಅವನು ಸಾವಿರ ಕಿಲೋಮೀಟರ್ ಮರಳುಗಾಡು ದಾಟಿ ಸಲಾಲಾಕ್ಕೆ ಮುಟ್ಟಿಸುವುದು. ಹಡಗಿನ ಹತ್ತಿರ ಹೋಗುವವನು ಅವನು. ನಾನು ಸಲಾಲಾವನ್ನೇ ನೋಡಿಲ್ಲ. ಹದಿನಾರು ವರ್ಷದಿಂದ ಆ ತಣ್ಣಗಿನ ಕೋಣೆಯಲ್ಲಿ ಹತ್ತಿ ತುಂಬಿದ ಜಾಕೆಟ್ ಹಾಕಿಕೊಂಡು ಕ್ಯಾಬೇಜ್ ಕಟ್ಟುತ್ತಿದ್ದೇನೆ. ನೀವೆಲ್ಲ ನಾನು ಬಿಸಿಲಲ್ಲಿ ಬೇಯುತ್ತೇನೆ ಎಂದು ಮರುಗುತ್ತೀರಿ. ನನ್ನ ಬೆರಳುಗಳು ಚಳಿಗೆ ಬಾತುಕೊಂಡದ್ದು.

ಹಕೀಂ ಮಾರ್ಚಿನಿಂದ ಊರಿನಲ್ಲಿದ್ದ. ಜೂನ್ ಕೊನೆಗೆ ಬಂದ. ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸುವ ಹೊತ್ತು, ಎಲ್ಲರೂ ಒಳಗೆ ಊಟಕ್ಕೆ ಕೂತಿದ್ದೆವು. ಅವನು ಬೋರ್ಡಿನ ಎದುರು ನಿಂತು ಆ ಪತ್ರಿಕೆಯ ತುಂಡನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದ. ಬೋರ್ಡಿನಲ್ಲಿ ಕನ್ನಡ ಓದುವವರು ಯಾರೂ ಇಲ್ಲ ಎಂದು ಬರೆದಿದ್ದೆನಲ್ಲ, ಅವನನ್ನು ಮರೆತೇಬಿಟ್ಟಿದ್ದೆ. ಓದಿ ಮುಗಿಸಿ ತಿರುಗಿದ.

"ಎಂಥ ಬೋನಿಯಣ್ಣ, ಇದು ನನ್ನ ಚಹಾ ಅಲ್ವಾ? ಕುಡಿದದ್ದು ನಾನು, ಬಾಯಿ ಒರೆಸಿದ್ದು ನೀವಾ?"

ನಗುತ್ತಲೇ ಹೇಳಿದ. ಆಮೇಲೆ ಹಿಂದಿಯಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ. ಬಂಗಾಳಿಗಳು, ಪಾಕಿಸ್ತಾನಿಗಳು, ಎಲ್ಲರೂ ನಕ್ಕರು. ನಾನೂ ನಕ್ಕೆ ಬಾಯೆ. ನಗದೆ ಏನು ಮಾಡಲಿ?

ಆಮೇಲೆ ಅವನು ಪಕ್ಕಕ್ಕೆ ಬಂದು ಕೂತ. "ಚಹಾ ಹೋಗ್ಲಿ ಮಾರಾಯ್ರೆ. ಆ ಮಲಾಕ್ಕಾ, ಬೀಜಿಂಗ್, ತವರು... ಅದನ್ನು ಯಾವಾಗ ಹೇಳಿದ ಅವ?"

"ಹೇಳಲಿಲ್ಲವಾ?" ಎಂದೆ ನಾನು, ಏನೂ ಗೊತ್ತಿಲ್ಲದವನ ಹಾಗೆ.

"ಅವ ಕೇಳಿದ್ದು ಒಂದೇ. ಬೆಳ್ಳುಳ್ಳಿ ಇನ್ನೂ ನಾಲ್ಕು ಗೋಣಿ ಸಿಗ್ತದಾ ಅಂತ. ಆ ಮಾತು ತಿರುಗಿಸುವ ಹೆಣ್ಣು ಹೇಳುವಾಗ ನಗಾಡಿದ್ಲು. ಅದು ರಾಜಕೀಯ ಗೀಜಕೀಯ ಅಲ್ಲ, ಉಗ್ರಾಣದವ."

ಇದು ನಡೆದದ್ದು. ಬೀಜಿಂಗಿನ ಮಾತನ್ನು ನಾನು ಎಲ್ಲೋ ಓದಿದ್ದೆ. ಮಾತು ನಿಜವೇ ಇರಬಹುದು. ಆಡಿದವನು ಸುಳ್ಳು. ಉದ್ದ ಬೆರಳು, ಕಿಟಕಿ, ಸಣ್ಣ ಸ್ವರ, ಎಲ್ಲ ನಾನು ಈ ಮೇಜಿನ ಮೇಲೆ ಮಾಡಿದ್ದು.

ಫೋಟೋ ಇಲ್ಲಿಯೇ ಮಸ್ಕತ್ ಬಂದರಿನದ್ದು. ಒಮ್ಮೆ ಚೀನೀ ಹಡಗು ಬಂದಾಗ ಒಂದು ಶುಕ್ರವಾರ ಜನರಿಗೆ ನೋಡಲು ಬಿಟ್ಟರು. ಹಗ್ಗ ಕಟ್ಟಿ ಸಾಲು ಮಾಡಿದ್ದರು. ಬಾಗಿಲಲ್ಲಿ ನಿಂತ ಅಧಿಕಾರಿ ಬಂದವರೆಲ್ಲರ ಕೈ ಕುಲುಕುತ್ತಿದ್ದ. ಎರಡು ಗಂಟೆ ಸಾಲಿನಲ್ಲಿ ನಿಂತೆ. ನನ್ನ ಹಿಂದೆ ಇದ್ದವರು ಆ ಹೆಂಗಸು, ಆ ಮಗು. ಊರಿಗೆ ಕಳಿಸುವಾಗ ಹಗ್ಗವನ್ನು ನಾನೇ ಕತ್ತರಿಯಿಂದ ಕತ್ತರಿಸಿದೆ. ಹಗ್ಗದ ಜೊತೆ ಸಂಖ್ಯೆಯೂ ಹೋಗಿತ್ತು. ನಿನಗೆ ಮೂಲ ಪ್ರತಿ ಕಳಿಸುವಾಗ ಹಗ್ಗವನ್ನು ಮರೆತಿದ್ದೆ. ಸುಳ್ಳನ್ನು ಅಷ್ಟು ಕಾಲ ಹೊತ್ತರೆ ಅದು ನಡೆದದ್ದೇ ಎಂದು ಅನಿಸಿಬಿಡುತ್ತದೆ.

ಯಾಕೆ ಎಂದು ಕೇಳುತ್ತೀ. ಹೊಸ ತೆನೆಯ ಮೊಂತಿ ಹಬ್ಬದ ಊಟಕ್ಕೆ ಮೊದಲು ಗಲ್ಫಿನಿಂದ ಬಂದ ಕಾಗದ ಓದುವುದು ನಮ್ಮ ಮನೆಯ ರೂಢಿಯಲ್ಲವಾ? ಇಲ್ಲಿಗೆ ಬಂದ ಮೊದಲ ವರ್ಷ ಇದ್ದದ್ದನ್ನೇ ಬರೆದಿದ್ದೆ, ಕ್ಯಾಬೇಜ್ ಕಟ್ಟುತ್ತೇನೆ ಎಂದು. ಗ್ರೆಟ್ಟಾಳ ಗಂಡ ಎಲೆಯ ಮುಂದೆ ಕೂತು, "ಕ್ಯಾಬೇಜ್ ಕಟ್ಟಲಿಕ್ಕೆ ವಿಮಾನ ಹತ್ತಬೇಕಿತ್ತಾ? ಉಡುಪಿ ಸಂತೆಯಲ್ಲಿ ಸಾಲದಿತ್ತಾ?" ಎಂದನಂತೆ. ನಮ್ಮ ತಾಯಿ ರೋಸ್‌ಮಾಯ್ ಆ ದಿನ ಊಟ ಬಿಟ್ಟು ಎದ್ದರಂತೆ. ಮರುವರ್ಷದ ಕಾಗದದಲ್ಲಿ ನಾನು ಸೂಪರ್‌ವೈಸರ್ ಆದೆ. ಅದರ ಮುಂದಿನ ವರ್ಷ ಫೋಟೋ ಕಳಿಸಿದೆ. ಮಾಯ್ ಸಾಯುವವರೆಗೂ ಆ ಪಟದ ಧೂಳು ಒರೆಸುತ್ತಿದ್ದರು ಎಂದು ನೀನೇ ಹೇಳಿದ್ದಿ.

ಈಗ ಕೇಳು. ಪೂವಪ್ಪ ಸರ್‌ಗೆ ನಾನು ಬರೆಯುತ್ತೇನೆ. ಮುದುಕ ಸುಳ್ಳು ಹೇಳಿದ, ಹುಡುಗಿಗೆ ಏನೂ ಗೊತ್ತಿರಲಿಲ್ಲ, ಮೋಸ ಹೋದಳು ಎಂದು. ಸಹಿ ಮಾಡಿ ಕೊಡುತ್ತೇನೆ. ನಿನ್ನ ಮೇಲೆ ಏನೂ ಬರಬಾರದು.

ಬೊನಿಫಾಸ್

*

ಮೂಡುಬೆಳ್ಳೆ
29 ಜುಲೈ 2025

ಬಾಪ್ಪು,

ಸರ್‌ಗೆ ಬರೆಯಬೇಡಿ. ಅದು ಇನ್ನೊಂದು ಸುಳ್ಳಾಗುತ್ತದೆ.

ನನಗೆ ಗೊತ್ತಿತ್ತು.

ಸೆಮಿನಾರಿನ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಸುಮ್ಮನೆ, ಖುಷಿಗೆ. ಸಂಖ್ಯೆ ಕಂಡಿತು. ಪಟ್ಟಿಯಲ್ಲಿ ಹುಡುಕಿದೆ. ಅದು ಪೂರ್ವದ ಪಡೆಯ ಹಡಗು, ಉತ್ತರದ್ದೇ ಅಲ್ಲ. ಆಮೇಲೆ ಹಗ್ಗ ಕಂಡಿತು, ಮಗು ಕಂಡಿತು. ಆಗ ಬಸ್ಸು ಮೂಲ್ಕಿ ಸೇತುವೆಯ ಮೇಲಿತ್ತು. ಮಂಗಳೂರಿಗೆ ಮುಕ್ಕಾಲು ಗಂಟೆ ಇತ್ತು. ಆ ಎರಡು ಪುಟ ತೆಗೆದಿಡಲು ಮುಕ್ಕಾಲು ಗಂಟೆ ಧಾರಾಳ ಸಾಕಿತ್ತು.

ನಾನು ತೆಗೆಯಲಿಲ್ಲ. ಓದಿದೆ. ತವರು ಎನ್ನುವಲ್ಲಿ ಸ್ವರವನ್ನೂ ಸಣ್ಣದು ಮಾಡಿದೆ, ನೀವು ಬರೆದ ಹಾಗೆಯೇ. ಚಪ್ಪಾಳೆ ಬಂತು. ಪಪ್ಪ ಹಿಂದಿನ ಸಾಲಿನಲ್ಲಿ ನಿಂತು ಕಣ್ಣು ಒರೆಸಿಕೊಂಡರು. ನಿಮಗೆ ಎರಡು ತಿಂಗಳು ಬರೆಯದೆ ಇದ್ದದ್ದು ನಿಮ್ಮ ಮೇಲಿನ ಸಿಟ್ಟಿಗೆ ಎಂದುಕೊಂಡಿರಬೇಕು ನೀವು. ಸಿಟ್ಟು ಇತ್ತು. ಆದರೆ ನೀವು ಒಪ್ಪಿಕೊಂಡರೆ ನಾನೂ ಒಪ್ಪಿಕೊಳ್ಳಬೇಕಾಗುತ್ತದಲ್ಲ, ಆ ಹೆದರಿಕೆ ಹೆಚ್ಚಿತ್ತು. ನೀವು ಏನಾದರೂ ನೆಪ ಹೇಳಿ ಎಂದೇ ಆ ಎರಡು ಪ್ರಶ್ನೆ ಕೇಳಿದ್ದು. ನೀವು ಹೇಳಿದಿರಿ. ಅದನ್ನು ನಂಬಲು ಒಂದು ತಿಂಗಳು ಪ್ರಯತ್ನ ಮಾಡಿದೆ.

ನಿಮ್ಮ ಈ ಕಾಗದ ಬಂದ ಮೇಲೆ ಸರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಸರ್ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. "ನಾನೂ ಆ ಹಗ್ಗ ನೋಡಿದ್ದೆ ಮಾರಾಯ್ತಿ, ನೋಡಿಯೂ ಕೇಳಲಿಲ್ಲ" ಎಂದರು. ಅಷ್ಟೇ. ಬಹುಮಾನವನ್ನು ಹಿಂದೆ ಕೊಟ್ಟೆ. ಆ ಅಧ್ಯಾಯ ಹೋಯಿತು. ಪ್ರಬಂಧವನ್ನು ಡಿಸೆಂಬರಿನಲ್ಲಿ ತಿದ್ದಿ ಕೊಡಬೇಕು. ಶಿಫಾರಸಿನ ಮಾತು ಸರ್ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಪಪ್ಪನಿಗೆ ಇನ್ನೂ ಗೊತ್ತಿಲ್ಲ. ಪರೀಕ್ಷೆ ಮುಂದೆ ಹೋಯಿತು ಎಂದಷ್ಟೇ ಹೇಳಿದ್ದೇನೆ. ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ. ಗ್ರೆಟ್ಟಾ ಅತ್ತೆ, ಅವರ ಗಂಡ, ಎಲ್ಲ ಬರುತ್ತಾರೆ. ನಿಮ್ಮ ಕಾಗದ ಓದುವವಳು ನಾನೇ. ಏನು ಓದಲಿ, ನೀವೇ ಹೇಳಿ.

ಇನ್ನೊಂದು. ಇಂಡೆಂಟ್ ನೋಡಿಯೇ ಹಡಗು ಎಲ್ಲಿಯದೆಂದು ಹೇಳಬಲ್ಲೆ ಎಂದು ಮೊದಲ ಕಾಗದದಲ್ಲಿ ಬರೆದು, ಅಡಿಗೆಮನೆಯ ಮಾತು ಎಂದು ಬಿಟ್ಟಿರಿ. ಅದಾದರೂ ನಿಜವಾ?

ಲಿಯೋನಾ

*

ದಾರ್ಸೈಟ್
27 ಆಗಸ್ಟ್ 2025

ಲಿಯೋನಾ,

ಈ ಚೀಟಿ ನಿನಗೆ ಮಾತ್ರ. ಜೊತೆಗಿರುವುದು ಹಬ್ಬದ ದಿನ ಓದುವ ಕಾಗದ. ಹಕೀಂ ಓದಿ ನೋಡಿದ್ದಾನೆ. "ಎಷ್ಟು, ಯಾವಾಗ, ಯಾವ ಹಡಗು ಅಂತ ಹಾಕ್ಬೇಡಿ ಬೋನಿಯಣ್ಣ, ಕಂಪನಿಯ ಅನ್ನ ತಿಂತೇವೆ. ಏನು ಕಟ್ಟಿದ್ದು ಅಂತ ಬರೀರಿ, ಅದು ನಿಮ್ಮದೇ" ಎಂದ. ಚಹಾದ ಮಾತನ್ನು ಅವನ ಹೆಸರಿನಲ್ಲೇ ಬರೆದಿದ್ದೇನೆ.

ನಿನ್ನ ಪಾಲಿನ ಮಾತನ್ನು ಇದರಲ್ಲಿ ಸೇರಿಸಿಲ್ಲ. ಅದು ನಿನ್ನದು. ನೀನು ಹೇಳಬೇಕಾದಾಗ ಹೇಳು. ಓದುವಾಗ ನಡುವೆ ಯಾರಾದರೂ ನಕ್ಕರೆ ನಿಲ್ಲಿಸಬೇಡ.

ಬಾಪ್ಪು

*

ದಾರ್ಸೈಟ್
27 ಆಗಸ್ಟ್ 2025

ಮೊಂತಿ ಹಬ್ಬದ ಎಲೆಯ ಮುಂದೆ ಕೂತ ನನ್ನ ಮನೆಯವರಿಗೆ,

ಹೊಸ ತೆನೆಯ ಹಾಲು ಕುಡಿದು ಆಯಿತೆಂದುಕೊಳ್ಳುತ್ತೇನೆ. ಪಲ್ಯಗಳು ಐದೋ ಏಳೋ, ಎಲೆಯ ಮೇಲೆ ಆರುತ್ತಿರಬಹುದು. ಬೇಗ ಮುಗಿಸುತ್ತೇನೆ.

ಡೆಸ್ಮಂಡ್, ನಾನು ಸೂಪರ್‌ವೈಸರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಚೀನೀ ಹಡಗಿನ ಮೇಲೆ ಚಹಾ ಕುಡಿದವನು ನನ್ನ ಜೊತೆ ಕೆಲಸ ಮಾಡುವ ಉಳ್ಳಾಲದ ಹಕೀಂ. ಅದನ್ನು ನಾನು ಕದ್ದೆ. ಅಧಿಕಾರಿ ಆಡಿದನೆಂದು ಬರೆದ ಮಾತನ್ನು ನಾನೇ ಕಟ್ಟಿದೆ. ಅದನ್ನು ನಂಬಿ ನಿನ್ನ ಮಗಳ ಪ್ರಬಂಧ ನಿಂತುಹೋಯಿತು. ಪರೀಕ್ಷೆ ಮುಂದೆ ಹೋದದ್ದಕ್ಕೆ ಕಾರಣ ಕಾಲೇಜಲ್ಲ, ನಾನು. ನೀನು ಎಲ್ಲರ ಎದುರು ಕಣ್ಣು ಒರೆಸಿಕೊಂಡಿಯಂತೆ. ಅದನ್ನು ಕೇಳಿದ ಮೇಲೆ ನಿನಗೆ ಫೋನ್ ಮಾಡಲು ನನಗೆ ಮುಖವಿಲ್ಲ. ನೀನೇ ಮಾಡಿದರೆ ಎತ್ತುತ್ತೇನೆ.

ಲಿಯೋನಾ ನನಗೆ ನಿಜವಾಗಿ ಏನು ಗೊತ್ತು ಎಂದು ಕೇಳಿದ್ದಾಳೆ. ಗೊತ್ತಿರುವುದು ಇಷ್ಟು.

ದಕ್ಷಿಣದ ಹಡಗು ಬಂದರೆ ಅಕ್ಕಿ ಹೆಚ್ಚು. ಎಲೆಸೊಪ್ಪು, ಹಾಗಲಕಾಯಿ, ಶುಂಠಿ ಕೇಳುತ್ತಾರೆ. ಸೊಪ್ಪು ಬಾಡಿದ್ದರೆ ಹಿಂದೆ ಕಳಿಸುತ್ತಾರೆ. ಉತ್ತರದ್ದು ಬಂದರೆ ಗೋಣಿಗಟ್ಟಲೆ ಮೈದಾ, ಬಟಾಟೆ, ಬೆಳ್ಳುಳ್ಳಿ, ನೀರುಳ್ಳಿ ಸೊಪ್ಪು, ಮತ್ತು ಉದ್ದನೆಯ ಚೀನೀ ಕ್ಯಾಬೇಜ್. ಅದರ ಹೊರಗಿನ ಎಲೆ ಕೀಳಬಾರದು. ಸಾವಿರ ಕಿಲೋಮೀಟರ್ ಹೋಗಬೇಕಾದ್ದರಿಂದ ಒಳಗಿನದ್ದನ್ನು ಹೊರಗಿನ ಎಲೆಯೇ ಕಾಯಬೇಕು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಬುಡ ಕೆಳಗೆ ಮಾಡಿ ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಎರಡು ಮೂರು ಸಲ ನಾನು ಪಟ್ಟಿ ನೋಡಿ ಉತ್ತರ ಎಂದದ್ದು ಪೂರ್ವದ್ದಾಗಿತ್ತು ಎಂದು ಹಕೀಂ ಬಂದು ಹೇಳಿದ್ದೂ ಉಂಟು. ಅಡಿಗೆಯವನು ಉತ್ತರದ ಊರಿನವನಿದ್ದರೆ ಹಾಗಾಗುತ್ತದೆಯೋ ಏನೋ. ಆದ್ದರಿಂದ ಇದನ್ನೂ ಪೂರ್ತಿ ನಂಬಬೇಡಿ. ಆಜ್ಞೆ ಯಾರು ಕೊಡುತ್ತಾರೆಂದು ನನಗೆ ಗೊತ್ತಿಲ್ಲ. ಪಟ್ಟಿಯಲ್ಲಿ ಅದು ಬರೆದಿರುವುದಿಲ್ಲ.

ಗ್ರೆಟ್ಟಾ, ನಿನ್ನ ಗಂಡನಿಗೆ ಹೇಳು: ಕ್ಯಾಬೇಜ್ ಕಟ್ಟಲಿಕ್ಕೆ ವಿಮಾನ ಹತ್ತಿದ್ದೆ, ಹೌದು. ಹದಿನಾರು ವರ್ಷ ತಡವಾಗಿ ಉತ್ತರ ಕೊಡುತ್ತಿದ್ದೇನೆ. ಮಾಯ್ ಬದುಕಿದ್ದಾಗ ಕೊಡಬೇಕಿತ್ತು. ಅವರು ಧೂಳು ಒರೆಸಿದ ಪಟ ಸುಳ್ಳು ಎಂಬುದನ್ನು ಈಗ ಯಾರ ಹತ್ತಿರ ಹೇಳಲಿ?

ಕೊನೆಯದಾಗಿ ಆ ಪಟದ ಮಾತು. ಗೋಡೆಯಿಂದ ಇಳಿಸುವುದಾದರೆ ಇಳಿಸಿ, ನನಗೆ ಬೇಸರವಿಲ್ಲ. ಇಡುವುದಾದರೆ ಆ ಚೌಕಟ್ಟನ್ನು ತೆಗೆಯಿರಿ. ಮೂಲ ಫೋಟೋ ಲಿಯೋನಾಳ ಹತ್ತಿರ ಉಂಟು. ಅದು ಇಡಿಯಾಗಿ ಕೂರುವಷ್ಟು ದೊಡ್ಡದನ್ನು ಮಾಡಿಸಿ. ಹಗ್ಗ ಕಾಣಲಿ, ಆ ಮಗು ಕಾಣಲಿ, ಸಾಲಿನಲ್ಲಿ ನಾನು ನಿಂತದ್ದು ಕಾಣಲಿ.

ಈಗ ಊಟ ಮಾಡಿ.

ಬೊನಿಫಾಸ್ ಮತಾಯಸ್
ತರಕಾರಿ ಕಟ್ಟುವವನು, ಶೀತಗೃಹ, ಮಸ್ಕತ್